ತೀರ್ಥನ್ ನದಿಯಲ್ಲಿ ಬೇಸಿಗೆಯ ಒಂದು ದಿನ: ಟ್ರೌಟ್ ಗಾಳದ ಸಮಗ್ರ ಮಾರ್ಗದರ್ಶಿ

ಮೇ ತಿಂಗಳಲ್ಲಿ ತೀರ್ಥನ್ ನದಿಯನ್ನು ಬೆಳಗ್ಗೆ ಆರಕ್ಕೆ ನೋಡಿದವರು ಸಂಜೆ ನಾಲ್ಕಕ್ಕೆ ಮತ್ತೆ ನೋಡಿದರೆ ಇದು ಅದೇ ನದಿಯೇ ಎಂದು ಕೇಳುತ್ತಾರೆ. ಬೆಳಗ್ಗೆ ತಳದ ಕಲ್ಲುಗಳೆಲ್ಲ ಸ್ಪಷ್ಟವಾಗಿ ಕಾಣುತ್ತವೆ. ಸಂಜೆಯ ಹೊತ್ತಿಗೆ ನೀರು ಒಂದು ಗೇಣು ಏರಿ, ಹಾಲು ಬೆರೆಸಿದಂತೆ ಮಬ್ಬಾಗಿರುತ್ತದೆ. ಮಳೆ ಬಿದ್ದಿರುವುದಿಲ್ಲ, ಯಾರೂ ಅಣೆಕಟ್ಟಿನ ಬಾಗಿಲು ತೆರೆದಿರುವುದಿಲ್ಲ. ಬಿಸಿಲೇರುತ್ತಿದ್ದಂತೆ ಮೇಲಿನ ಬೆಟ್ಟಗಳ ಹಿಮ ಕರಗಿ, ಆ ನೀರು ಕೆಲವು ಗಂಟೆ ಹರಿದು ಕಣಿವೆಗೆ ಇಳಿದಿರುತ್ತದೆ, ಅಷ್ಟೆ. ಹಿಮಾಲಯದ ನದಿಗಳಲ್ಲಿ ಬೇಸಿಗೆಯಲ್ಲಿ ಟ್ರೌಟ್ ಎಂಬ ತಣ್ಣೀರಿನ ಮೀನಿಗೆ ಗಾಳ ಹಾಕುವುದೆಂದರೆ ಈ ಏರಿಳಿತಕ್ಕೆ ನಿಮ್ಮ ದಿನವನ್ನು ಹೊಂದಿಸಿಕೊಳ್ಳುವ ಕೆಲಸ. ಇದನ್ನು ಅರಿತವರಿಗೆ ಸಾಧಾರಣ ಕೋಲೂ ಸಾಕು. ಅರಿಯದವರು ದುಬಾರಿ ಸಲಕರಣೆ ಹಿಡಿದು ಮಧ್ಯಾಹ್ನವಿಡೀ ಬಗ್ಗಡ ನೀರಿಗೆ ಎಸೆಯುತ್ತಾ ನಿಲ್ಲುತ್ತಾರೆ.

ಹಿಮಾಚಲ ಪ್ರದೇಶದ ಕುಲ್ಲು ಜಿಲ್ಲೆಯ ತೀರ್ಥನ್ ಕಣಿವೆಯನ್ನೇ ಉದಾಹರಣೆಯಾಗಿ ಇಟ್ಟುಕೊಂಡು ಬರೆಯುತ್ತಿದ್ದೇನೆ. ಬರೋಟ್‌ನ ಊಹಲ್, ರೋಹ್ರು ಕಡೆಯ ಪಬ್ಬರ್, ಸಾಂಗ್ಲಾದ ಬಾಸ್ಪಾ ನದಿಗಳಿಗೂ ಇದರ ಬಹುಪಾಲು ಅನ್ವಯಿಸುತ್ತದೆ.

ನದಿಯ ಪರಿಚಯ, ಮೀನಿನ ಪರಿಚಯ

ಗ್ರೇಟ್ ಹಿಮಾಲಯನ್ ರಾಷ್ಟ್ರೀಯ ಉದ್ಯಾನದ ಎತ್ತರದ ಹುಲ್ಲುಗಾವಲುಗಳಾಚೆ, ಹಂಸಕುಂಡದ ಬಳಿ ತೀರ್ಥನ್ ಹುಟ್ಟುತ್ತದೆ. ಗುಶೈನಿ, ನಾಗಿನಿ, ಬಂಜಾರ್ ಊರುಗಳನ್ನು ಹಾದು ಲಾರ್ಜಿಯ ಹತ್ತಿರ ಬಿಯಾಸ್ ಸೇರುತ್ತದೆ. 2014ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಕಾಡಿನಿಂದ ಇಳಿದು ಬರುವ ನೀರು ಇದು. ನೆರೆಯ ಕಣಿವೆಗಳಲ್ಲಿ ಸಾಲು ಸಾಲಾಗಿ ಜಲವಿದ್ಯುತ್ ಯೋಜನೆಗಳು ಬಂದಾಗ, ತೀರ್ಥನ್‌ಗೆ ಅವು ಬರಬಾರದೆಂದು ಬಂಜಾರ್‌ನ ಮಾಜಿ ಶಾಸಕ ದಿಲೇರಾಮ್ ಶಬಾಬ್ ಮತ್ತು ಕಣಿವೆಯ ಜನ ಹೋರಾಡಿ ಗೆದ್ದರು. ಗಾಳ ಹಾಕುವವರು ಈ ಋಣವನ್ನು ನೆನೆಯಬೇಕು. ಈ ನದಿಯ ಮಟ್ಟ ಇಂದಿಗೂ ಸೂರ್ಯನ ಮಾತನ್ನೂ ಮಳೆಯ ಮಾತನ್ನೂ ಮಾತ್ರ ಕೇಳುವುದು ಅದರಿಂದಲೇ.

ಟ್ರೌಟ್ ಇಲ್ಲಿಯ ಮೂಲ ಮೀನಲ್ಲ. ಯುರೋಪಿನ ಕಂದು ಟ್ರೌಟ್‌ನ ಮೊಟ್ಟೆಗಳನ್ನು ಬ್ರಿಟಿಷರು ಮೊದಲು ಕಾಶ್ಮೀರಕ್ಕೆ ತರಿಸಿದರು. ಅಲ್ಲಿಂದ 1909ರ ಸುಮಾರಿಗೆ ಕುಲ್ಲು ಕಣಿವೆಯ ಕಟ್ರಾಯಿಂ ಬಳಿಗೆ ತಂದು ಮರಿ ಮಾಡಿಸಿ ನದಿಗಳಿಗೆ ಬಿಟ್ಟರು. ಒಂದು ಶತಮಾನ ಕಳೆದ ಮೇಲೆ ಅದು ಈ ನೀರಿನಲ್ಲೇ ಮೊಟ್ಟೆಯಿಟ್ಟು ಬದುಕುವ ಕಾಡುಮೀನಾಗಿದೆ. ಮೈಮೇಲೆ ಕಪ್ಪು ಚುಕ್ಕೆ, ನಡುನಡುವೆ ತಿಳಿ ಉಂಗುರದೊಳಗೆ ಕೆಂಪು ಚುಕ್ಕೆ, ಹೊಟ್ಟೆ ಬೆಣ್ಣೆಯ ಹಳದಿ: ಇದು ಕಂದು ಟ್ರೌಟ್. ಪಕ್ಕೆಯುದ್ದಕ್ಕೂ ಗುಲಾಬಿ ಪಟ್ಟೆಯಿದ್ದರೆ ಅದು ಮಳೆಬಿಲ್ಲಿನ ಟ್ರೌಟ್, ಅಂದರೆ ರೇನ್‌ಬೋ. ಕಣಿವೆಯ ಸಾಕಣೆ ಕೊಳಗಳಲ್ಲಿರುವುದು ಹೆಚ್ಚಾಗಿ ಇದೇ. ಅಲ್ಲಿಂದ ತಪ್ಪಿಸಿಕೊಂಡವು ನದಿಯಲ್ಲೂ ಸಿಗುತ್ತವೆ. ಇವೆರಡಲ್ಲದೆ ಬಾಯಿ ಕೆಳಮುಖವಾಗಿರುವ, ಚುಕ್ಕೆಯಿಲ್ಲದ ಬೂದು ಮೀನೊಂದು ಗಾಳಕ್ಕೆ ಬಂದರೆ ಅದು ಸ್ನೋ ಟ್ರೌಟ್. ಹೆಸರು ಹಾಗಿದ್ದರೂ ಅದು ಗೆಂಡೆಮೀನಿನ ಕುಟುಂಬದ್ದು, ಈ ನದಿಗಳ ನಿಜವಾದ ಮೂಲನಿವಾಸಿ. ಹೊರಗಿನಿಂದ ಬಂದ ಟ್ರೌಟ್ ಅದರ ಮರಿಗಳನ್ನೂ ತಿನ್ನುತ್ತದೆ. ಹಾಗಾಗಿ ಸ್ನೋ ಟ್ರೌಟ್ ಸಿಕ್ಕರೆ ಯಾವ ಲೆಕ್ಕಾಚಾರವೂ ಇಲ್ಲದೆ ನೀರಿಗೆ ಬಿಡಿ ಎಂಬುದು ನನ್ನ ಬಲವಾದ ಒತ್ತಾಯ.

ಯಾವ ತಿಂಗಳು

ಕಂದು ಟ್ರೌಟ್ ಚಳಿಗಾಲದಲ್ಲಿ ಮೊಟ್ಟೆಯಿಡುವುದರಿಂದ ಹಿಮಾಚಲದ ಟ್ರೌಟ್ ನೀರುಗಳಲ್ಲಿ ನವೆಂಬರ್ 1ರಿಂದ ಫೆಬ್ರವರಿ ಕೊನೆಯವರೆಗೆ ಗಾಳ ನಿಷಿದ್ಧ. ಮಾರ್ಚ್‌ನಲ್ಲಿ ಋತು ತೆರೆಯುತ್ತದೆ. ಏಪ್ರಿಲ್ ನಡುವಿನಿಂದ ಜೂನ್ ಮೂರನೆಯ ವಾರದವರೆಗಿನ ಅವಧಿ ಈ ಮಾರ್ಗದರ್ಶಿಯ ಬೇಸಿಗೆ. ಜೂನ್ ಕೊನೆಗೆ ಮುಂಗಾರು ಬೆಟ್ಟ ಹತ್ತಿದ ಮೇಲೆ ಕೋಲನ್ನು ಕಟ್ಟಿಡಿ. 2023ರ ಜುಲೈನಲ್ಲಿ ಕುಲ್ಲು ಜಿಲ್ಲೆಯ ನದಿಗಳು ಹೇಗೆ ಉಕ್ಕಿ ಸೇತುವೆ, ರಸ್ತೆ, ಮನೆಗಳನ್ನು ಕೊಚ್ಚಿಕೊಂಡು ಹೋದವು ಎಂಬುದನ್ನು ನೋಡಿದವರು ಮಳೆಗಾಲದಲ್ಲಿ ಈ ದಡಗಳಿಗೆ ಇಳಿಯುವುದಿಲ್ಲ. ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಗಾಳಕ್ಕೆ ಇನ್ನೂ ಒಳ್ಳೆಯ ಕಾಲ. ಆದರೆ ನಮ್ಮ ಮಕ್ಕಳ ಶಾಲೆಗೆ ರಜೆ ಇರುವುದು ಏಪ್ರಿಲ್, ಮೇ ತಿಂಗಳಲ್ಲಿ, ಕರ್ನಾಟಕದಿಂದ ಹೆಚ್ಚಿನವರು ಹೊರಡುವುದೂ ಆಗಲೇ.

ಮೊದಲ ಹೆಜ್ಜೆ: ಪರವಾನಗಿ

ದೆಹಲಿ ಅಥವಾ ಚಂಡೀಗಢದಿಂದ ಮನಾಲಿ ಹೆದ್ದಾರಿ ಹಿಡಿದು ಔಟ್ ಎಂಬಲ್ಲಿ ಇಳಿದರೆ, ಅಲ್ಲಿಂದ ಲಾರ್ಜಿ, ಬಂಜಾರ್ ಮೂಲಕ ಗುಶೈನಿ ತಲುಪಬಹುದು. ಬಂದ ದಿನವೇ ಪರವಾನಗಿಯ ಕೆಲಸ ಮುಗಿಸಿಕೊಳ್ಳಿ. ಹಿಮಾಚಲದ ಮೀನುಗಾರಿಕೆ ಇಲಾಖೆ ದಿನದ ಲೆಕ್ಕದಲ್ಲಿ, ಒಬ್ಬರಿಗೆ ಒಂದು ಕೋಲಿನಂತೆ ಪರವಾನಗಿ ನೀಡುತ್ತದೆ. ಶುಲ್ಕ ಅಲ್ಪ. ಎಲ್ಲಿ ಪಡೆಯಬೇಕೆಂದು ನೀವು ಉಳಿದುಕೊಳ್ಳುವ ಹೋಮ್‌ಸ್ಟೇಯವರಿಗೆ ಗೊತ್ತಿರುತ್ತದೆ. ಗುರುತಿನ ಚೀಟಿಯ ಪ್ರತಿ ಒಯ್ಯಿರಿ.

ಚೀಟಿ ಕೈಗೆ ಬಂದ ಕೂಡಲೇ ಮಡಚಿ ಜೇಬಿಗೆ ಹಾಕಬೇಡಿ, ಪೂರ್ತಿ ಓದಿ. ನದಿಯ ಯಾವ ಭಾಗಕ್ಕೆ ಅನ್ವಯ, ದಿನಕ್ಕೆ ಎಷ್ಟು ಮೀನು ಇಟ್ಟುಕೊಳ್ಳಬಹುದು, ಎಷ್ಟು ಉದ್ದಕ್ಕಿಂತ ಸಣ್ಣದನ್ನು ಬಿಡಬೇಕು ಎಂಬುದೆಲ್ಲ ನಿಯಮದಲ್ಲಿರುತ್ತದೆ. ಕೋಲಿನ ಹಿಡಿಕೆಯಿಂದ ಆ ಉದ್ದ ಅಳೆದು ಒಂದು ಗುರುತು ಹಾಕಿಕೊಂಡರೆ ನೀರಿನಲ್ಲಿ ನಿಂತು ಅಳತೆಪಟ್ಟಿ ಹುಡುಕಬೇಕಾಗಿಲ್ಲ. ರಾಷ್ಟ್ರೀಯ ಉದ್ಯಾನದ ಗಡಿಯೊಳಗೆ ಕೋಲು ಒಯ್ಯುವ ಯೋಚನೆ ಬೇಡ; ಇಲ್ಲಿ ಹೇಳುವುದೆಲ್ಲ ಗಡಿಯ ಹೊರಗಿನ, ಊರುಗಳ ನಡುವಿನ ನದಿಗೆ ಸಂಬಂಧಿಸಿದ್ದು.

ನದಿಯ ಕೆಲವು ಮಡುಗಳು ದೇವತೆಗಳಿಗೆ ಸೇರಿದವು ಎಂಬ ನಂಬಿಕೆ ಈ ಬೆಟ್ಟಗಳಲ್ಲಿ ಗಾಢವಾಗಿದೆ. ಶೃಂಗೇರಿಯ ತುಂಗೆಯಲ್ಲೋ ಶಿಶಿಲದ ಮತ್ಸ್ಯತೀರ್ಥದಲ್ಲೋ ಮೀನಿಗೆ ಅಕ್ಕಿ ಹಾಕಿ ಬೆಳೆದ ನಮಗೆ ಇದನ್ನು ಯಾರೂ ವಿವರಿಸಬೇಕಿಲ್ಲ. ಇದೇ ರಾಜ್ಯದ ಜೋಗಿಂದರ್‌ನಗರದ ಬಳಿ ಮಛಿಯಾಲ್ ಎಂಬಲ್ಲಿ ಮಹಸೀರ್ ಮೀನುಗಳನ್ನು ಹಾಗೆಯೇ ಪೂಜಿಸುತ್ತಾರೆ. ಗುಡಿಯ ಪಕ್ಕ, ಸ್ಮಶಾನದ ಪಕ್ಕ, ಹೆಂಗಸರು ಬಟ್ಟೆ ಒಗೆಯುವ ಕಡೆ, ಘರಾಟ್ ಎನ್ನುವ ನೀರುಗಿರಣಿಯ ಕಾಲುವೆಯ ಬಾಯಿಯಲ್ಲಿ ಗಾಳ ಹಾಕುವ ಮೊದಲು ಊರವರನ್ನು ಕೇಳಿ. ಬೇಡ ಎಂದರೆ ಮುಂದೆ ನಡೆಯಿರಿ.

ಮೊದಲ ದಿನಕ್ಕಾದರೂ ಕಣಿವೆಯ ಒಬ್ಬ ಹುಡುಗನನ್ನು ಜೊತೆಗೆ ಕರೆದುಕೊಳ್ಳಿ. ಕಾವೇರಿಯ ಭೀಮೇಶ್ವರಿ, ದೊಡ್ಡಮಕಳಿ ಶಿಬಿರಗಳಲ್ಲಿ ಮಹಸೀರ್ ಗಾಳ ಹಾಕಿದ್ದ ಹಿರಿಯರಿಗೆ ಅಲ್ಲಿಯ ಗಿಲ್ಲಿಗಳ, ಅಂದರೆ ಗಾಳಕ್ಕೆ ಜೊತೆಯಾಗುವ ಮಾರ್ಗದರ್ಶಿಗಳ ನೆನಪಿರಬಹುದು; ಯಾವ ಬಂಡೆಯ ಹಿಂದೆ ಮೀನಿದೆ ಎಂದು ಅವರು ಕಣ್ಣಳತೆಯಲ್ಲೇ ಹೇಳುತ್ತಿದ್ದರು. ವನ್ಯಧಾಮದೊಳಗಿನ ಗಾಳ ನಿಂತ ಮೇಲೆ ಆ ವಿದ್ಯೆ ನಮ್ಮಲ್ಲಿ ಬಳಕೆ ತಪ್ಪುತ್ತಿದೆ. ತೀರ್ಥನ್ ದಡದಲ್ಲಿ ಅದು ಇನ್ನೂ ದಿನದ ದುಡಿಮೆಯಾಗಿ ಉಳಿದಿದೆ. ಕೂಲಿಯಲ್ಲಿ ಚೌಕಾಸಿ ಮಾಡಬೇಡಿ.

ಸಾಮಾನು: ಏನು ಬೇಕು, ಏನು ಬೇಡ

ಹೊಸಬರಿಗೆ ಸ್ಪಿನ್ನಿಂಗ್ ಕೋಲೇ ಒಳ್ಳೆಯದು. ಆರರಿಂದ ಏಳು ಅಡಿ ಉದ್ದದ ಹಗುರ ಕೋಲು, ಚಿಕ್ಕ ರೀಲು, ಆರು ಪೌಂಡ್ ತೂಕ ತಡೆಯುವ ನೈಲಾನ್ ತಂಗೂಸಿ. ಕಾವೇರಿಯ ಮಹಸೀರ್‌ಗೆ ಬಳಸಿದ ದಪ್ಪ ಕೋಲು ಇಲ್ಲಿ ಕೆಲಸಕ್ಕೆ ಬಾರದು. ಇಲ್ಲಿಯ ಬಹುಪಾಲು ಮೀನುಗಳು ಒಂದು ಕಿಲೋದ ಒಳಗಿನವು, ಐದಾರು ಗ್ರಾಂ ತೂಗುವ ತಗಡನ್ನು ದಪ್ಪ ಕೋಲು ದೂರ ಎಸೆಯಲಾರದು. ತಿರುಗುವ ತಗಡಿನ ಸ್ಪಿನ್ನರ್‌ಗಳಲ್ಲಿ 1ರಿಂದ 3ರವರೆಗಿನ ಗಾತ್ರ ಸಾಕು. ಬೆಳ್ಳಿ ಬಣ್ಣದ್ದು ಎರಡು, ತಾಮ್ರದ್ದು ಎರಡು, ಕಪ್ಪು ಒಂದು ಇರಲಿ. ಬಂಡೆಗೆ ಸಿಕ್ಕಿ ಕೆಲವು ಹೋಗುವುದು ಖಚಿತ.

ಕೃತಕ ಹುಳು ಎಸೆಯುವ ಫ್ಲೈ ಕೋಲು ಬಲ್ಲವರಿಗೆ ಒಂಬತ್ತು ಅಡಿಯ, 5ನೇ ತೂಕದ ಕೋಲು, ತೇಲುವ ದಾರ, ಆ ದಾರದ ತುದಿಗೆ ಕಟ್ಟಲು ಕೋಲಿನಷ್ಟೇ ಉದ್ದದ ತೆಳು ಎಳೆ, ಅಂದರೆ ಲೀಡರ್. ಕೃತಕ ಹುಳುಗಳಲ್ಲಿ ಮುಖ್ಯವಾಗಿ ನೀರೊಳಗಿನ ಹುಳುಮರಿಗಳನ್ನು ಹೋಲುವ, ಮಣಿ ಪೋಣಿಸಿದ ಭಾರದ ನಿಂಫ್‌ಗಳು: ಫೆಸೆಂಟ್ ಟೇಲ್, ಹೇರ್ಸ್ ಇಯರ್, 12ರಿಂದ 16ರ ಗಾತ್ರ. ಮೇಲೆ ತೇಲುವುದಕ್ಕೆ ಎಲ್ಕ್ ಹೇರ್ ಕ್ಯಾಡಿಸ್. ಮಬ್ಬು ನೀರಿಗೆ ದೊಡ್ಡ ಕಪ್ಪು ವುಲ್ಲಿ ಬಗ್ಗರ್ ಒಂದೆರಡು. ಇಷ್ಟರ ಆಚೆ ಪೆಟ್ಟಿಗೆ ತುಂಬಿಸುವುದು ಅಂಗಡಿಯವರಿಗೆ ಲಾಭ.

ಯಾವ ಕೋಲೇ ಇರಲಿ, ಒಂದು ಕೆಲಸವನ್ನು ಹಿಂದಿನ ರಾತ್ರಿಯೇ ಮುಗಿಸಿ. ಕೊಕ್ಕೆಯ ತುದಿಯ ಬಳಿ ಹಿಂದಕ್ಕೆ ಚಾಚಿರುವ ಸಣ್ಣ ಮುಳ್ಳನ್ನು ಇಕ್ಕಳದಿಂದ ಒತ್ತಿ ಮಲಗಿಸಿಬಿಡಿ. ಸ್ಪಿನ್ನರ್‌ನ ಮೂರು ಕವಲಿನ ಕೊಕ್ಕೆಯನ್ನು ತೆಗೆದು ಒಂಟಿ ಕೊಕ್ಕೆ ಹಾಕಿ. ದಾರವನ್ನು ಬಿಗಿಯಾಗಿಟ್ಟರೆ ಮೀನು ಸುಮ್ಮನೆ ತಪ್ಪಿಸಿಕೊಳ್ಳುವುದಿಲ್ಲ. ಬಿಡುವಾಗ ಅದರ ಬಾಯಿ ಹರಿಯುವುದಿಲ್ಲ, ನಿಮ್ಮ ಬೆರಳಿಗೆ ಚುಚ್ಚಿದರೂ ಸಲೀಸಾಗಿ ಬರುತ್ತದೆ. ಎರೆಹುಳು ಪೋಣಿಸುವುದನ್ನು ನಾನು ಯಾರಿಗೂ ಹೇಳುವುದಿಲ್ಲ. ಟ್ರೌಟ್ ಅದನ್ನು ಗಂಟಲಾಳಕ್ಕೆ ನುಂಗುತ್ತದೆ. ಹಾಗೆ ನುಂಗಿದ ಮೀನನ್ನು ಬಿಟ್ಟರೂ ಬದುಕುವ ಭರವಸೆಯಿಲ್ಲ.

ಉಳಿದಂತೆ, ನೀರಿನ ಹೊಳಪನ್ನು ತಡೆಯುವ ಪೋಲರೈಸ್ಡ್ ಕನ್ನಡಕ ಕೋಲಿನಷ್ಟೇ ಮುಖ್ಯ. ಅದಿಲ್ಲದೆ ನೀರಿನೊಳಗಿನ ಬಂಡೆ ಕಾಣುವುದಿಲ್ಲ. ಕಣಕಾಲು ಹಿಡಿಯುವ, ಜಾರದ ಅಡಿಯ ಬೂಟು, ಎದೆಮಟ್ಟದ ಗಟ್ಟಿ ಊರುಗೋಲು, ರಬ್ಬರ್ ಬಲೆಯ ಕೈಜಾಲ, ಒಂದು ಥರ್ಮಾಮೀಟರ್, ಬದಲಿ ಉಣ್ಣೆಯ ಕಾಲುಚೀಲ. ಬಟ್ಟೆ ಬೂದು, ಹಸಿರು, ಕಂದು ಬಣ್ಣದ್ದಿರಲಿ. ವಿಮಾನದಲ್ಲಿ ಬರುವವರು ಕೊಕ್ಕೆ, ಇಕ್ಕಳ, ಕೋಲುಗಳನ್ನು ಚೆಕ್-ಇನ್ ಸಾಮಾನಿನಲ್ಲೇ ಹಾಕಬೇಕು.

ಬೆಳಗ್ಗೆ ಐದೂವರೆ: ನೀರನ್ನು ಓದುವುದು

ದಡಕ್ಕೆ ಬಂದ ಕೂಡಲೇ ಕೋಲು ಜೋಡಿಸಬೇಡಿ. ನೀರಿನಂಚಿಗೆ ತಾಗುವಂತೆ ಒಂದು ಬಿಳಿ ಕಲ್ಲು ಇಟ್ಟು ಗುರುತು ಮಾಡಿಕೊಳ್ಳಿ. ಇಡೀ ದಿನ ಅದು ನಿಮ್ಮ ಗಡಿಯಾರ. ಆಮೇಲೆ ಮೊಣಕಾಲುದ್ದದ ನಿಧಾನ ನೀರಿನಲ್ಲಿ ನಿಂತು ನಿಮ್ಮ ಬೂಟಿನ ತುದಿಯನ್ನು ನೋಡಿ.

ಬೂಟಿನ ದಾರದ ಗಂಟೂ ಕಾಣುತ್ತಿದ್ದರೆ ನೀರು ತಿಳಿ. ನಿಮಗೆ ಮೀನು ಕಾಣುವಷ್ಟೇ ಚೆನ್ನಾಗಿ ಮೀನಿಗೆ ನೀವೂ ಕಾಣುತ್ತೀರಿ. ದೂರ ನಿಲ್ಲಬೇಕು, ಬಗ್ಗಿ ನಡೆಯಬೇಕು, ಚಿಕ್ಕ ಕಪ್ಪು ಸ್ಪಿನ್ನರ್ ಅಥವಾ ಸಣ್ಣ ನಿಂಫ್ ಬಳಸಬೇಕು. ಬೂಟು ಕಂಡರೂ ಅಂಚು ಮಸುಕಾಗಿದ್ದು, ನೀರಿಗೆ ತುಸು ಹಸಿರು ಛಾಯೆ ಇದ್ದರೆ ಹಿಗ್ಗಿರಿ. ದೊಡ್ಡ ಮೀನುಗಳು ಧೈರ್ಯ ಮಾಡಿ ಹೊರಬರುವ ಬಣ್ಣ ಅದು; ಬೆಳ್ಳಿಯ ಸ್ಪಿನ್ನರ್‌ಗೆ ಅದಕ್ಕಿಂತ ಒಳ್ಳೆಯ ಗಳಿಗೆ ಸಿಗದು. ಬೂಟು ಕಾಣದೆ ನೀರು ಬೆಳ್ಳಗೆ ಮಬ್ಬಾಗಿದ್ದರೆ ಹಿಮದ ನೀರು ಬಂದಿದೆ ಎಂದರ್ಥ. ದಡದಂಚಿನ ನಿಶ್ಚಲ ಜಾಗಗಳನ್ನು ಬಿಟ್ಟು ಬೇರೆಲ್ಲೂ ಎಸೆಯುವುದು ವ್ಯರ್ಥ. ಇನ್ನು ನೀರು ಕಂದು ಬಣ್ಣಕ್ಕೆ ತಿರುಗಿ, ಎಲೆ, ಕಡ್ಡಿ, ತೊಗಟೆ ತೇಲಿಬರುತ್ತಿದ್ದರೆ ಮೇಲೆಲ್ಲೋ ಮಳೆ ಸುರಿದಿದೆ. ನಿಮ್ಮ ತಲೆಯ ಮೇಲೆ ಆಕಾಶ ನೀಲಿಯಾಗಿದ್ದರೂ ಸರಿ, ಆ ಕ್ಷಣವೇ ದಡ ಹತ್ತಿ ರಸ್ತೆಗೆ ಹೋಗಿ.

ಗುಶೈನಿಯಲ್ಲಿ ಫಲಾಚನ್ ಹೊಳೆ ತೀರ್ಥನ್‌ಗೆ ಸೇರುತ್ತದೆ. ಎರಡರ ಬಣ್ಣವನ್ನು ಹೋಲಿಸಿ ನೋಡಲು ಆ ಸಂಗಮ ಒಳ್ಳೆಯ ಜಾಗ. ಒಂದು ಮಬ್ಬಾಗಿದ್ದು ಇನ್ನೊಂದು ತಿಳಿಯಾಗಿದ್ದರೆ ತಿಳಿಯಾದದ್ದರ ಬದಿಯ ದಡವನ್ನೇ ಹಿಡಿದು ನಡೆಯಿರಿ. ಎರಡು ನೀರುಗಳು ಬೆರೆಯದೆ ಜೊತೆಜೊತೆಗೆ ಹರಿಯುವ ಗೆರೆಯಲ್ಲಿ ಮೀನು ಕಾದಿರುತ್ತದೆ.

ಥರ್ಮಾಮೀಟರ್ ಮುಳುಗಿಸಿ. ಕಂದು ಟ್ರೌಟ್ ಚುರುಕಾಗಿ ತಿನ್ನುವುದು ಸುಮಾರು 10ರಿಂದ 17 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಮೇ ತಿಂಗಳ ಮುಂಜಾನೆ ಇಲ್ಲಿ ಅದಕ್ಕಿಂತ ತಣ್ಣಗಿರುವುದೇ ಸಾಮಾನ್ಯ. ಅಮೆರಿಕ, ಯುರೋಪಿನ ತಗ್ಗು ನದಿಗಳಲ್ಲಿ ಬೇಸಿಗೆಯ ಸಂಕಟವೇ ಬೇರೆ: ಅಲ್ಲಿ ನೀರು 20 ಡಿಗ್ರಿ ದಾಟಿದರೆ ಆಮ್ಲಜನಕ ಕಡಿಮೆಯಾಗಿ, ಬಿಟ್ಟ ಮೀನೂ ಸಾಯುತ್ತದೆಂದು ಗಾಳ ನಿಲ್ಲಿಸುತ್ತಾರೆ. ಅಲ್ಲಿ ನೆಲೆಸಿರುವ ಕನ್ನಡಿಗರು ಈ ಬರಹವನ್ನು ತಮ್ಮ ಊರಿನ ನದಿಗೆ ಒಗ್ಗಿಸಿಕೊಳ್ಳುವಾಗ ಆ 20ರ ಗೆರೆಯನ್ನು ಮರೆಯಬಾರದು. ತೀರ್ಥನ್‌ನಲ್ಲಿ ಚಳಿಯದೇ ಚಿಂತೆ. 8 ಡಿಗ್ರಿಯ ನೀರಿನಲ್ಲಿ ಮೀನು ತಳಕ್ಕೆ ಅಂಟಿಕೊಂಡಿರುತ್ತದೆ, ಆಹಾರಕ್ಕಾಗಿ ಹೆಚ್ಚು ದೂರ ಈಜುವುದಿಲ್ಲ. ನಿಮ್ಮ ಗಾಳ ಅದರ ಮೂಗಿನ ಬಳಿಗೇ, ನಿಧಾನವಾಗಿ, ತಳ ಸವರುತ್ತಾ ಹೋಗಬೇಕು.

ಕೊನೆಯದಾಗಿ ಒಂದೆರಡು ಕಲ್ಲು ಎತ್ತಿ ಅಡಿಭಾಗ ನೋಡಿ. ಚಪ್ಪಟೆಯಾಗಿ ಅಂಟಿಕೊಂಡ ಮೇಫ್ಲೈ ಹುಳುವಿನ ಮರಿಗಳು, ಮರಳಿನ ಗೂಡು ಕಟ್ಟಿದ ಕ್ಯಾಡಿಸ್ ಹುಳುವಿನ ಮರಿಗಳು ಕಾಣುತ್ತವೆ. ಅವುಗಳ ಗಾತ್ರ, ಬಣ್ಣಕ್ಕೆ ಹತ್ತಿರದ ನಿಂಫ್ ಆರಿಸಿ, ಕಲ್ಲನ್ನು ಇದ್ದ ಹಾಗೆಯೇ ಮತ್ತೆ ಮಲಗಿಸಿ.

ಆರರಿಂದ ಹನ್ನೊಂದು: ದಿನದ ತಿರುಳು

ಟ್ರೌಟ್ ಯಾವಾಗಲೂ ಹರಿವಿಗೆ ಮುಖಮಾಡಿ ನಿಲ್ಲುತ್ತದೆ. ಆದ್ದರಿಂದ ನೀವು ಕೆಳಗಿನಿಂದ ಮೇಲಕ್ಕೆ, ಅದರ ಬೆನ್ನ ಹಿಂದಿನಿಂದ ಬರಬೇಕು. ಸೂರ್ಯ ಬೆನ್ನಿಗಿದ್ದರೆ ನಿಮ್ಮ ನೆರಳು ನೀರಿನ ಮೇಲೆ ಬೀಳದಂತೆ ಎಚ್ಚರವಹಿಸಿ. ಆರಂಭದಲ್ಲಿ ನೀರಿಗೆ ಇಳಿಯಲೇ ಬೇಡಿ. ತೀರ್ಥನ್‌ನಲ್ಲಿ ಹೆಚ್ಚಿನ ಮೀನು ದಡದಿಂದ ಎರಡು ಮೂರು ಮೀಟರಿನ ಒಳಗೇ ಇರುತ್ತದೆ. ನಡುನದಿಗೆ ಎಸೆಯುವ ಆತುರದಲ್ಲಿ ಜನ ಅವನ್ನು ತುಳಿದು ಓಡಿಸುತ್ತಾರೆ.

ಈ ನದಿಯಲ್ಲಿ ವಿಶಾಲ ಮಡುಗಳಿಗಿಂತ ಬಂಡೆಗಳ ನಡುವಿನ ಸಣ್ಣ ಸಣ್ಣ ಕುಳಿಗಳೇ ಹೆಚ್ಚು. ದೊಡ್ಡ ಬಂಡೆಯ ಹಿಂದೆ ನೀರು ಸುತ್ತುವ ಜಾಗ ಎಲ್ಲರ ಕಣ್ಣಿಗೂ ಬೀಳುತ್ತದೆ. ಆದರೆ ಬಂಡೆಯ ಮುಂದುಗಡೆ, ಹರಿವು ಕಲ್ಲಿಗೆ ಬಡಿದು ಹಿಂದೆ ಸರಿಯುವಲ್ಲಿ ಒಂದು ಮೆತ್ತನೆಯ ಜಾಗವಿರುತ್ತದೆ. ಒಳ್ಳೆಯ ಮೀನು ಅಲ್ಲಿ ನಿಂತು ಮೊದಲ ತುತ್ತು ತನಗೇ ಸಿಗುವಂತೆ ನೋಡಿಕೊಳ್ಳುತ್ತದೆ. ಮೂರನೆಯದು, ರಭಸದ ನೀರೂ ನಿಧಾನದ ನೀರೂ ಕೂಡುವ ಗೆರೆ. ನೊರೆ ಸಾಲಾಗಿ ಹೋಗುವುದನ್ನು ನೋಡಿದರೆ ಗೊತ್ತಾಗುತ್ತದೆ. ನಾಲ್ಕನೆಯದು ಮಡುವಿನ ಬಾಲ, ಅಂದರೆ ನೀರು ತೆಳುವಾಗಿ ಮುಂದಿನ ಇಳಿಜಾರಿಗೆ ಹೊರಡುವ ಜಾಗ. ಮುಂಜಾನೆ ಅಲ್ಲಿ ತಿನ್ನಲು ಬಂದ ಮೀನು ಬಿಸಿಲೇರಿದ ಮೇಲೆ ಆಳಕ್ಕೆ ಮರಳುತ್ತದೆ, ಹಾಗಾಗಿ ಬಾಲದಿಂದಲೇ ಶುರುಮಾಡಿ.

ಸ್ಪಿನ್ನರ್ ಎಸೆಯುವ ಕ್ರಮ ಹೀಗೆ. ಹರಿವಿನ ಮೇಲ್ದಿಕ್ಕಿಗೆ ಓರೆಯಾಗಿ ಎಸೆಯಿರಿ. ನೀರಿಗೆ ಬಿದ್ದ ತಕ್ಷಣ ರೀಲು ಸುತ್ತಲು ಆರಂಭಿಸಿ. ತಡಮಾಡಿದರೆ ಕಲ್ಲಿಗೆ ಸಿಗುತ್ತದೆ. ನೀರಿನ ವೇಗಕ್ಕಿಂತ ಒಂದು ಕೂದಲೆಳೆ ಹೆಚ್ಚು ವೇಗ ಸಾಕು. ತಗಡು ತಿರುಗುತ್ತಿರುವ ಕಂಪನ ಕೋಲಿನ ತುದಿಯಲ್ಲಿ ತಿಳಿಯುತ್ತದೆ. ಕಂಪನ ನಿಂತರೆ ನಿಧಾನವಾಯಿತು, ಸ್ಪಿನ್ನರ್ ಮೇಲಕ್ಕೆ ಬಂದು ನೀರು ಚಿಮ್ಮಿಸಿದರೆ ವೇಗವಾಯಿತು. ಒಂದು ಕುಳಿಗೆ ಮೂರು ಎಸೆತ ಕೊಡಿ: ಹತ್ತಿರಕ್ಕೆ ಒಂದು, ನಡುವಿಗೆ ಒಂದು, ಆಚೆಗೆ ಒಂದು. ಬರಲಿಲ್ಲವೇ, ಮುಂದಿನ ಬಂಡೆಗೆ ನಡೆಯಿರಿ. ಇಲ್ಲಿಯ ಟ್ರೌಟ್ ಹಸಿದಿದ್ದರೆ ಮೊದಲ ಎರಡು ಎಸೆತಕ್ಕೇ ತೀರ್ಮಾನ ತಿಳಿಸುತ್ತದೆ. ಒಂದೇ ಮಡುವಿನ ಮುಂದೆ ಗಂಟೆಗಟ್ಟಲೆ ನಿಲ್ಲುವವರು ನದಿಯ ಮುಕ್ಕಾಲು ಭಾಗವನ್ನು ಕಾಣದೆಯೇ ಮರಳುತ್ತಾರೆ.

ನಿಂಫ್ ಬಳಸುವವರು ದೂರ ಎಸೆಯುವ ಆಸೆ ಬಿಡಬೇಕು. ನಾಲ್ಕೈದು ಮೀಟರ್ ಮೇಲಕ್ಕೆ ಎಸೆದು, ಕೋಲನ್ನು ಎತ್ತಿ ಹಿಡಿದು, ದಪ್ಪ ದಾರ ನೀರಿಗೆ ತಾಗದಂತೆ ನೋಡಿಕೊಳ್ಳಿ. ದಪ್ಪ ದಾರ ರಭಸದ ನೀರಿಗೆ ಬಿದ್ದರೆ ಅದು ನಿಂಫನ್ನು ಎಳೆದೊಯ್ಯುತ್ತದೆ. ಎಳೆದಾಡುವ ಹುಳುವನ್ನು ಮೀನು ನಂಬುವುದಿಲ್ಲ. ಲೀಡರ್ ಮೇಲೆ ಬಣ್ಣದ ಗುರುತು ಕಟ್ಟಿ ಅದರ ಮೇಲೇ ಕಣ್ಣಿಡಿ. ಅದು ನಿಂತರೆ, ಹಿಂಜರಿದರೆ, ಪಕ್ಕಕ್ಕೆ ಸರಿದರೆ ಕೋಲನ್ನು ಮೆಲ್ಲಗೆ ಎತ್ತಿ. ಹತ್ತರಲ್ಲಿ ಏಳು ಸಲ ಕಲ್ಲಾಗಿದ್ದರೂ ಸರಿ, ಎತ್ತಲೇಬೇಕು. ಒಮ್ಮೆಯೂ ಕಲ್ಲು ತಾಗದಿದ್ದರೆ ನಿಮ್ಮ ನಿಂಫ್ ತಳ ಮುಟ್ಟುತ್ತಿಲ್ಲ, ಇನ್ನೂ ಭಾರದ್ದನ್ನು ಕಟ್ಟಿ.

ಒಂಬತ್ತೂವರೆಯ ಬಳಿಕ ಬಿಸಿಲು ಕಣಿವೆಯ ತಳ ಮುಟ್ಟಿ, ನೀರು ಒಂದೆರಡು ಡಿಗ್ರಿ ಬೆಚ್ಚಗಾದಾಗ ಹುಳುಗಳು ಮೇಲೆದ್ದು ಹಾರತೊಡಗುತ್ತವೆ. ಮಡುವಿನ ಬಾಲದಲ್ಲಿ ಉಂಗುರ ಏಳುವುದು ಕಂಡರೆ ತೇಲುವ ಕ್ಯಾಡಿಸ್‌ಗೆ ಬದಲಾಯಿಸಿ. ಕೆಳಗೆ ನೀರು ಬೆಚ್ಚಗಾಗಿದೆ, ಮೇಲಿನ ಹಿಮದ ನೀರು ಇನ್ನೂ ತಲುಪಿಲ್ಲ. ಈ ಸಂಧಿಕಾಲ ಒಂದೂವರೆ ಎರಡು ಗಂಟೆ ಇರುತ್ತದೆ. ಇಡೀ ದಿನದಲ್ಲಿ ನನಗೆ ಅತ್ಯಂತ ಪ್ರಿಯವಾದ ಹೊತ್ತು ಇದು. ಉಪಾಹಾರಕ್ಕೆಂದು ಹತ್ತು ಗಂಟೆಗೆ ಹೋಮ್‌ಸ್ಟೇಗೆ ಮರಳುವವರನ್ನು ಕಂಡರೆ ಕೈಹಿಡಿದು ನಿಲ್ಲಿಸಬೇಕೆನಿಸುತ್ತದೆ. ಪರಾಠ, ಉಪ್ಪಿನಕಾಯಿ ಕಟ್ಟಿಸಿಕೊಂಡು ಬಂದು ಬಂಡೆಯ ಮೇಲೆ ಕೂತು ತಿನ್ನಿ.

ಮೀನು ಕಚ್ಚಿದ ಮೇಲೆ

ಕೋಲನ್ನು ಓರೆಯಾಗಿ ಎತ್ತಿ ದಾರ ಬಿಗಿಯಾಗಿರಲಿ. ರೀಲಿನ ಬಿಗಿತವನ್ನು ಮೊದಲೇ ಸ್ವಲ್ಪ ಸಡಿಲಿಸಿಟ್ಟಿದ್ದರೆ ಮೀನು ಓಡಿದಾಗ ದಾರ ಬಿಟ್ಟುಕೊಡುತ್ತದೆ. ಅದು ಕೆಳಗಿನ ರಭಸಕ್ಕೆ ನುಗ್ಗಿದರೆ ನೀವೂ ದಡದ ಮೇಲೆ ಕೆಳಕ್ಕೆ ನಡೆಯಿರಿ. ಹರಿವಿನ ವಿರುದ್ಧ ಎಳೆದರೆ ತುಂಡಾಗುವುದು ದಾರವೇ. ಪಕ್ಕದ ನಿಶ್ಚಲ ನೀರಿಗೆ ತಿರುಗಿಸಿ ಬೇಗ ಮುಗಿಸಿ. ಆಟವಾಡಿಸಿದಷ್ಟೂ ಮೀನು ದಣಿಯುತ್ತದೆ, ಬಿಟ್ಟ ಮೇಲೆ ಚೇತರಿಸಿಕೊಳ್ಳುವುದಿಲ್ಲ.

ಮುಟ್ಟುವ ಮೊದಲು ಕೈ ಒದ್ದೆ ಮಾಡಿಕೊಳ್ಳಿ. ಟ್ರೌಟ್‌ನ ಮೈಮೇಲಿನ ಲೋಳೆ ಅದಕ್ಕೆ ರೋಗ ತಾಗದಂತೆ ಕಾಯುವ ಕವಚ. ಒಣಕೈ, ಒಣ ಬಂಡೆ, ಬಟ್ಟೆ ಅದನ್ನು ಕಿತ್ತುಹಾಕುತ್ತವೆ. ಮೀನು ಕೈಜಾಲದಲ್ಲಿ, ನೀರಿನೊಳಗೇ ಇರಲಿ. ಕಿವಿರಿಗೆ ಬೆರಳು ಹಾಕಬೇಡಿ, ಹೊಟ್ಟೆ ಹಿಸುಕಬೇಡಿ. ಇಕ್ಕಳದಿಂದ ಕೊಕ್ಕೆಯನ್ನು ಬಂದ ದಾರಿಯಲ್ಲೇ ಹಿಂದಕ್ಕೆ ತಳ್ಳಿ ತೆಗೆಯಿರಿ. ಫೋಟೋ ಬೇಕಿದ್ದರೆ ಜೊತೆಗಾರರು ಮೊಬೈಲ್ ಸಿದ್ಧಮಾಡಿಕೊಂಡ ಮೇಲೆ ಮಾತ್ರ ಎತ್ತಿ. ನೀವು ಉಸಿರು ಬಿಗಿಹಿಡಿದು ಎತ್ತಿದರೆ ಎಷ್ಟು ಹೊತ್ತು ಸಾಕೆಂದು ನಿಮಗೇ ತಿಳಿಯುತ್ತದೆ. ಆಮೇಲೆ ತಲೆ ಹರಿವಿಗೆ ಎದುರಾಗುವಂತೆ ಹಿಡಿದು, ತಾನಾಗಿ ಬಾಲ ಬಡಿದು ಹೋಗುವವರೆಗೆ ಕಾಯಿರಿ.

ತಿನ್ನುವುದಕ್ಕೆ ಇಟ್ಟುಕೊಳ್ಳಬಾರದೇ ಎಂದು ಎಲ್ಲರೂ ಕೇಳುತ್ತಾರೆ. ನಿಯಮದ ಮಿತಿಯೊಳಗೆ ಇಟ್ಟುಕೊಳ್ಳಬಹುದು. ಆದರೆ ನನ್ನ ಅಭಿಪ್ರಾಯ ಖಚಿತ: ತಟ್ಟೆಗೆ ಸಾಕಣೆ ಕೊಳದ ರೇನ್‌ಬೋ ತನ್ನಿ, ನದಿಯ ಕಂದು ಟ್ರೌಟನ್ನು ನದಿಗೇ ಬಿಡಿ. ಕಣಿವೆಯ ಹಲವು ಕುಟುಂಬಗಳು ನದಿಯ ನೀರನ್ನು ತಿರುಗಿಸಿ ಸಿಮೆಂಟ್ ತೊಟ್ಟಿಗಳಲ್ಲಿ ಟ್ರೌಟ್ ಸಾಕಿ ಮಾರುತ್ತಾರೆ. ನಿಮ್ಮ ಹಣ ಅವರಿಗೆ ಹೋಗುತ್ತದೆ, ರುಚಿಯೂ ಕಡಿಮೆಯಿಲ್ಲ. ಕೊಕ್ಕೆ ಆಳಕ್ಕೆ ಹೋಗಿ ರಕ್ತ ಸುರಿಯುವ, ಅಳತೆಗೆ ಸರಿಯಿರುವ ಮೀನನ್ನು ಮಾತ್ರ ಇಟ್ಟುಕೊಳ್ಳಿ. ತಲೆಯ ಮೇಲೆ ಒಂದೇ ಗಟ್ಟಿ ಪೆಟ್ಟಿನಿಂದ ಮುಗಿಸಿ, ಕೂಡಲೇ ಹೊಟ್ಟೆ ಸೀಳಿ ಶುಚಿಮಾಡಿ, ಬೆನ್ನೆಲುಬಿಗೆ ಅಂಟಿದ ಕಪ್ಪು ರಕ್ತವನ್ನು ಹೆಬ್ಬೆರಳಿನಿಂದ ಕೆರೆದು ತೆಗೆದು, ಒದ್ದೆ ಬಟ್ಟೆಯಲ್ಲಿ ಸುತ್ತಿ ನೆರಳಿನಲ್ಲಿಡಿ. ಟ್ರೌಟ್‌ನ ಹುರುಪೆ ಅತಿ ಸಣ್ಣದು, ಕೆರೆಯಬೇಕಾಗಿಲ್ಲ. ಉಪ್ಪು, ಅರಿಸಿನ, ನಿಂಬೆರಸ ಸವರಿ ಸಾಸಿವೆ ಎಣ್ಣೆಯಲ್ಲಿ ಬೇಯಿಸಿದರೆ ಮುಗಿಯಿತು. ಬಂಗುಡೆಗೆ ಹಚ್ಚುವಷ್ಟು ಮಸಾಲೆ ಹಚ್ಚಿದರೆ ಈ ಮೀನಿನ ನವಿರು ರುಚಿ ಸತ್ತುಹೋಗುತ್ತದೆ. ಮಂಗಳೂರಿನ ಗೆಳೆಯರು ಕ್ಷಮಿಸಬೇಕು.

ಮಧ್ಯಾಹ್ನ: ಏರುವ ನೀರು

ಹನ್ನೊಂದರ ನಂತರ ಬಿಳಿ ಕಲ್ಲಿನ ಬಳಿಗೆ ಮರಳಿ ಬನ್ನಿ. ಕಲ್ಲಿನ ಸುತ್ತ ನೀರು ಹರಡಿದ್ದರೆ ಏರಿಕೆ ಶುರುವಾಗಿದೆ. ಕಲ್ಲು ಮುಳುಗಿದ್ದರೆ ನದಿಯೊಳಗಿನ ಓಡಾಟ ಅಲ್ಲಿಗೆ ನಿಲ್ಲಬೇಕು.

ಇಲ್ಲೊಂದು ನಿಯಮವನ್ನು ಯಾವ ಆಸೆಗೂ ಮುರಿಯಬೇಡಿ: ಬೆಳಗ್ಗೆ ನಡೆದು ನದಿ ದಾಟಿ ಆಚೆ ದಡಕ್ಕೆ ಹೋಗಬೇಡಿ. ಆರು ಗಂಟೆಗೆ ಮೊಣಕಾಲುದ್ದವಿದ್ದ ನೀರು ಎರಡು ಗಂಟೆಗೆ ತೊಡೆ ಮುಟ್ಟುತ್ತದೆ, ಆ ರಭಸದಲ್ಲಿ ತೊಡೆಯುದ್ದದ ನೀರು ಯಾರನ್ನೂ ನಿಲ್ಲಗೊಡದು. ಸೇತುವೆಯಿದ್ದರೆ ಮಾತ್ರ ದಾಟಿ. ನೀರಿಗೆ ಇಳಿದಾಗ ಮೊಣಕಾಲಿನ ಮೇಲೆ ಹೋಗಬೇಡಿ, ಊರುಗೋಲನ್ನು ಹರಿವಿನ ಮೇಲ್ಬದಿಗೆ ಊರಿ, ಒಂದು ಕಾಲು ಭದ್ರವಾದ ಮೇಲೆ ಇನ್ನೊಂದನ್ನು ಎತ್ತಿ. ಬಿದ್ದು ಕೊಚ್ಚಿಹೋದರೆ ಎದ್ದು ನಿಲ್ಲಲು ಹೆಣಗಬೇಡಿ, ಕಲ್ಲಿನ ಸಂದಿಯಲ್ಲಿ ಪಾದ ಸಿಕ್ಕಿಕೊಳ್ಳುತ್ತದೆ. ಬೆನ್ನ ಮೇಲೆ ತೇಲಿ, ಕಾಲು ಮುಂದೆ ಮಾಡಿ, ದಡದತ್ತ ಕೈ ಬಡಿಯಿರಿ. ಎದೆಮಟ್ಟದ ವೇಡರ್ (ನೀರು ಒಳಬಿಡದ ಉಡುಪು) ತೊಟ್ಟವರು ಸೊಂಟದ ಪಟ್ಟಿ ಬಿಗಿಯದೆ ನೀರಿಗೆ ಇಳಿಯಲೇಬಾರದು.

ಲಾರ್ಜಿ ಅಣೆಕಟ್ಟಿನ ಕೆಳಗಿನ ಬಿಯಾಸ್ ದಡಕ್ಕಂತೂ ಹೋಗಲೇಬೇಡಿ. 2014ರ ಜೂನ್ 8ರ ಸಂಜೆ ಥಲೌಟ್ ಬಳಿ ನದಿಗಿಳಿದು ಫೋಟೋ ತೆಗೆಸಿಕೊಳ್ಳುತ್ತಿದ್ದ ಹೈದರಾಬಾದಿನ 24 ಎಂಜಿನಿಯರಿಂಗ್ ವಿದ್ಯಾರ್ಥಿಗಳು ಆ ಅಣೆಕಟ್ಟಿನಿಂದ ಬಿಟ್ಟ ನೀರಿನಲ್ಲಿ ಕೊಚ್ಚಿಹೋದರು. ತೀರ್ಥನ್‌ನ ಏರಿಕೆ ಗಂಟೆಗಟ್ಟಲೆ ಎಚ್ಚರಿಸುತ್ತಾ ಬರುತ್ತದೆ, ಅಣೆಕಟ್ಟಿನ ನೀರು ನಿಮಿಷಗಳಲ್ಲಿ ಬರುತ್ತದೆ.

ಮಬ್ಬು ನೀರಿನಲ್ಲೂ ಗಾಳ ಹಾಕಲೇಬೇಕೆಂಬ ಹಂಬಲವಿದ್ದರೆ ದಡದ ಮೇಲೆಯೇ ನಿಂತು, ಹುಲ್ಲು ಬಾಗಿರುವ ಅಂಚು, ಬಂಡೆಯ ಒತ್ತಿಗೆ ನೀರು ತಿರುಗುವ ಮೂಲೆ, ತಿಳಿನೀರಿನ ಸಣ್ಣ ನಾಲೆಯೊಂದು ಸೇರುವ ಬಾಯಿ, ಇಂಥ ಕಡೆಗಳಲ್ಲಿ ದೊಡ್ಡ ಕಪ್ಪು ಬಗ್ಗರ್ ಅಥವಾ ತಾಮ್ರದ ಸ್ಪಿನ್ನರ್ ಆಡಿಸಿ. ನಡುನದಿಯ ಸೆಳವು ತಡೆಯಲಾರದೆ ಮೀನುಗಳೂ ಈಗ ಅಂಚಿಗೇ ಬಂದಿರುತ್ತವೆ. ಮೋಡ ಕವಿದ ದಿನವಾದರೆ ಲೆಕ್ಕವೇ ಬೇರೆ. ಹಿಮ ಹೆಚ್ಚು ಕರಗದೆ ನೀರು ಸಂಜೆಯವರೆಗೂ ತಿಳಿಯಾಗಿರುತ್ತದೆ, ಆಗ ಮಧ್ಯಾಹ್ನ ನಿದ್ದೆ ಮಾಡಿ ನಾಲ್ಕಕ್ಕೆ ಮತ್ತೆ ಬನ್ನಿ.

ಸಂಜೆಯ ಕೆಲಸ

ತುಂಡಾದ ತಂಗೂಸಿಯನ್ನು ದಡದಲ್ಲಿ ಬಿಡಬೇಡಿ. ಹಕ್ಕಿಗಳ ಕಾಲಿಗೆ ಸುತ್ತಿಕೊಂಡು ಅವನ್ನು ಕೊಲ್ಲುತ್ತದೆ. ನಿಮ್ಮದಲ್ಲದ್ದು ಕಂಡರೂ ಹೆಕ್ಕಿ ಜೇಬಿಗೆ ಹಾಕಿಕೊಳ್ಳಿ. ದಾರದ ಕೊನೆಯ ಒಂದು ಮೀಟರನ್ನು ಬೆರಳ ನಡುವೆ ಎಳೆದು ನೋಡಿ, ಒರಟಾಗಿದ್ದರೆ ಕತ್ತರಿಸಿ ಹೊಸ ಗಂಟು ಹಾಕಿ. ಸ್ಪಿನ್ನರ್‌ಗಳನ್ನು ಒರೆಸಿಡಿ. ಮರುದಿನ ಬರೋಟ್‌ಗೋ ಸಾಂಗ್ಲಾಕ್ಕೋ ಹೊರಡುವವರು ಬೂಟು, ಕೈಜಾಲಗಳನ್ನು ತೊಳೆದು ಸಂಪೂರ್ಣ ಒಣಗಿಸಿಯೇ ಒಯ್ಯಬೇಕು. ಒಂದು ನದಿಯ ಪಾಚಿ, ರೋಗಾಣುಗಳು ಒದ್ದೆ ಬೂಟಿನಲ್ಲಿ ಇನ್ನೊಂದು ನದಿಗೆ ಪಯಣಿಸುತ್ತವೆ. ಬೂಟು ಒಣಗದಿದ್ದರೆ ಪ್ರಯಾಣವನ್ನು ಒಂದು ದಿನ ಮುಂದೂಡಿ.